ಧರ್ಮದ ದಟ್ಟಿಗೆ ಎಕ್ಸ್‌ಪೈರಿ ಡೇಟು

ಕೊಡಗಿನ ಕುಟ್ಟದಲ್ಲಿ ಮಳೆ ಹಿಡಿದರೆ ಬೂಷ್ಟು ಬರುವುದಕ್ಕೂ ಒಂದು ಸರದಿ ಇದೆ. ಮೊದಲು ಚಪ್ಪಲಿ, ಆಮೇಲೆ ಬೆಲ್ಟು, ಅದಾದ ಮೇಲೆ ಗೋಡೆಯಲ್ಲಿರುವ ಹಿರಿಯರ ಫೋಟೋ. ಜುಲೈ ಮುಗಿಯುವಷ್ಟರಲ್ಲಿ ಉಪ್ಪು ನೀರಾಗಿರುತ್ತದೆ, ಹಪ್ಪಳ ಬಟ್ಟೆಯಂತಾಗಿರುತ್ತದೆ, ಬಟ್ಟೆ ಮಾತ್ರ ಒಣಗದೆ ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುತ್ತಿರುತ್ತದೆ. ಬ್ರಹ್ಮಗಿರಿ ಕಾಣದೆ ಹದಿನೈದು ದಿನ, ಕರೆಂಟು ಕಾಣದೆ ಮೂರು ದಿನ. ಅಂಥ ಒಂದು ಮಧ್ಯಾಹ್ನ ಮೊಬೈಲಿನ ಚಾರ್ಜೂ ತೀರಿತು. ಜಗಳ ಆಡೋಣವೆಂದರೆ ನಮ್ಮವರು ನಿದ್ದೆಯಲ್ಲಿದ್ದರು. ಬೇರೆ ದಾರಿ ಕಾಣದೆ ನನ್ನ ಮೇಕಪ್ ಡಬ್ಬಿ ಬಿಚ್ಚಿದೆ.

ಡಬ್ಬಿ ಅನ್ನುವುದಕ್ಕಿಂತ ಉತ್ಖನನದ ಗುಂಡಿ ಅನ್ನುವುದು ವಾಸಿ. ಮೇಲಿನ ಪದರದಲ್ಲಿ ಮಗಳು ಬೆಂಗಳೂರಿನಿಂದ ಬಂದಾಗ ಬಿಟ್ಟುಹೋದದ್ದು. ಅದರ ಕೆಳಗೆ ಅಕ್ಕನ ಮಗನ ಮದುವೆಗೆಂದು ಕೊಂಡದ್ದು. ಇನ್ನೂ ಕೆಳಗೆ ಮಿಲಿಟರಿ ಕ್ಯಾಂಟೀನಿನ ಕಾಲ. ತಳ ಮುಟ್ಟಿದರೆ ನನ್ನದೇ ಮದುವೆ. ಆ ಲಿಪ್‌ಸ್ಟಿಕ್ಕಿನ ಬಣ್ಣ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಆ ಮುಖವೂ ಸಿಗುವುದಿಲ್ಲ. ಆದರೂ ಎಸೆದಿಲ್ಲ.

ಕನ್ನಡಕ ಹಾಕಿ ಪಂಚನಾಮೆ ಶುರು ಮಾಡಿದೆ. ನೈಲ್ ಪಾಲಿಶ್ ಏಳು ಬಾಟಲಿ. ಮೂರರ ಮುಚ್ಚಳ ತೆರೆಯಲಿಲ್ಲ, ಎರಡರೊಳಗೆ ಕುಂಚ ಕಾಂಕ್ರೀಟಿನಲ್ಲಿ ನೆಟ್ಟ ಕಂಬದ ಹಾಗೆ ನಿಂತಿತ್ತು. ಲಿಪ್‌ಸ್ಟಿಕ್ ಐದು. ಒಂದರ ಮೈಮೇಲೆ ಬೆವರ ಹನಿ, ಇನ್ನೊಂದಕ್ಕೆ ಹಳೇ ಕೊಬ್ಬರಿ ಎಣ್ಣೆಯ ಕಮಟು. ಕಾಂಪ್ಯಾಕ್ಟ್ ಪೌಡರ್ ತೆರೆದರೆ ಕನ್ನಡಿಯಲ್ಲಿ ನನ್ನ ಮುಖ, ಬಿಲ್ಲೆಯ ಮೇಲೆ ಬಿಳಿಯ ಬೂಷ್ಟು. ಎರಡಕ್ಕೂ ಒಂದೇ ವಯಸ್ಸು. ಒಂದು ಮಸ್ಕಾರ, ಅದನ್ನು ಕೊಂಡ ವರ್ಷ ಹುಟ್ಟಿದ ಕರು ಈಗ ಅಜ್ಜಿಯಾಗಿದೆ.

ಬಲ್ಲವರು ಹೇಳುವ ಲೆಕ್ಕ ಹೀಗಿದೆ. ತೆರೆದ ಮಸ್ಕಾರಕ್ಕೆ ಆಯಸ್ಸು 3 ತಿಂಗಳು. ದ್ರವರೂಪದ ಐಲೈನರಿಗೆ ಹೆಚ್ಚೆಂದರೆ 6. ಫೌಂಡೇಶನ್ ಒಂದು ವರ್ಷದೊಳಗೆ ಮುಗಿಯಬೇಕು. ಲಿಪ್‌ಸ್ಟಿಕ್ ಒಂದೆರಡು ವರ್ಷ, ಪೌಡರ್ ಎರಡು, ನೈಲ್ ಪಾಲಿಶ್ ಸುಮಾರು ಎರಡು. ಅದೂ ಒಣ ಜಾಗದಲ್ಲಿ, ತಂಪಾಗಿ ಇಟ್ಟರೆ. ಕುಟ್ಟದಲ್ಲಿ ತಂಪು ಎಷ್ಟು ಬೇಕಾದರೂ ಸಿಗುತ್ತದೆ. ಒಣ ಜಾಗ ಎಲ್ಲಿದೆ ಎಂದು ಗೊತ್ತಾದರೆ ಮೊದಲು ಕಾಫಿ ಹರಡುತ್ತೇವೆ.

ನಾವೇನು ತಾರೀಖು ನೋಡದ ಜನವಲ್ಲ. ಬ್ರೆಡ್ ಪ್ಯಾಕೆಟನ್ನು ನಾಲ್ಕು ಸಲ ತಿರುಗಿಸದೆ ಕೊಳ್ಳುವುದಿಲ್ಲ. ಹಾಲಿನ ಪ್ಯಾಕೆಟ್ಟಿನ ಮೇಲೆ ನಿನ್ನೆಯ ತಾರೀಖಿದ್ದರೆ ಅಂಗಡಿಯವನ ವಂಶ ಜಾಲಾಡುತ್ತೇವೆ. ನಮ್ಮವರಂತೂ ಮಳೆಗಾಲದ ಮುಂಚೆ ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಸುವಾಗ ಪಂಚಾಂಗದ ಪುರೋಹಿತರನ್ನೂ ಮೀರಿಸುತ್ತಾರೆ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ತುತ್ತ ಹೆಚ್ಚಾಯಿತೇ ಎಂದು ಚಾಕು ಅದ್ದಿ ಪರೀಕ್ಷೆ. ಕಲಸಿದ್ದು ಅದೇ ದಿನ ಖಾಲಿಯಾಗಬೇಕು, ನಾಳೆಗೆ ಇಡುವ ಹಾಗಿಲ್ಲ. ಸಂಜೆ ಅರ್ಧ ಡ್ರಮ್ ಉಳಿದರೆ ಕಣ್ಣು ಮುಚ್ಚಿ ಚೆಲ್ಲಿಸುತ್ತಾರೆ. ಬಳ್ಳಿಗಿರುವ ಆ ಮರ್ಯಾದೆ ಹೆಂಡತಿಯ ಕಣ್ಣಿಗೆ ಸಿಗಲಿಲ್ಲ. ಹೆಂಡತಿಯೂ ಕೇಳಲಿಲ್ಲ ಅನ್ನಿ.

ನಿದ್ದೆಯಿಂದ ಎದ್ದು ಬಂದವರು ರಾಶಿ ನೋಡಿ ಹೌಹಾರಿದರು.

‘ಇದೆಲ್ಲ ಎಸೀತೀಯಾ? ಕ್ಯಾಂಟೀನಿಂದ ತಂದದ್ದಲ್ವಾ!’

‘ತಂದು ಎಷ್ಟು ವರ್ಷ ಆಯ್ತು ರೀ?’

‘ಕ್ಯಾಂಟೀನ್ ಸಾಮಾನು ಹಾಳಾಗೋದುಂಟಾ?’

ರಮ್ಮಿಗೆ ಎಕ್ಸ್‌ಪೈರಿ ಇಲ್ಲ ಎಂಬ ಒಂದೇ ಒಂದು ಸತ್ಯವನ್ನು ಹಿಡಿದುಕೊಂಡು ಅದನ್ನು ಇಡೀ ಕ್ಯಾಂಟೀನಿಗೆ ಅನ್ವಯಿಸಿರುವ ಮಾಜಿ ಸೈನಿಕರು ನಮ್ಮ ಜಿಲ್ಲೆಯಲ್ಲಿ ಮನೆಗೊಬ್ಬರಿದ್ದಾರೆ. ಅಡುಗೆಮನೆಯ ಕಾಚಂಪುಳಿ ಇದಕ್ಕೆ ಸಾಕ್ಷಿ ಹೇಳಿಬಿಡುತ್ತದೆ. ವರ್ಷಗಟ್ಟಲೆ ಕೆಡದೆ, ಹಳೆಯದಾದಷ್ಟೂ ಪಂದಿ ಕರಿಗೆ ಮೆರುಗು ಕೊಡುವ ಆ ಕಪ್ಪು ಹುಳಿಯನ್ನು ನೋಡಿ ನೋಡಿ, ಬಾಟಲಿಯಲ್ಲಿರುವ ಕಪ್ಪೆಲ್ಲ ಅಮರ ಎಂದು ನಾವು ನಂಬಿಬಿಟ್ಟಿದ್ದೇವೆ. ಮಸ್ಕಾರವೂ ಕಪ್ಪೇ ತಾನೆ.

ಗಂಡಸರು ಈ ವಿಷಯದಲ್ಲಿ ನಗುವ ಹಾಗಿಲ್ಲ. ನಮ್ಮವರ ಕಪಾಟಿನಲ್ಲಿ ಭಾವ ದುಬೈಯಿಂದ ತಂದುಕೊಟ್ಟ ಆಫ್ಟರ್‌ಶೇವ್ ಒಂದಿದೆ. ಉಳಿದಿರುವುದು ಕಾಲು ಇಂಚು. ‘ಮದುವೆಗೆ ಇರಲಿ’ ಎಂದು ಇಟ್ಟಿದ್ದಾರೆ. ಯಾರ ಮದುವೆಗೆ ಎಂದು ಇನ್ನೂ ತೀರ್ಮಾನವಾಗಿಲ್ಲ.

ರೋಗದ ಮೂಲ ಇಲ್ಲಿದೆ. ನಮ್ಮಲ್ಲಿ ಒಳ್ಳೆಯ ವಸ್ತು ಎಂದರೆ ಬಳಸುವುದಲ್ಲ, ಇರಿಸುವುದು. ಒಳ್ಳೆಯ ಬೆಡ್‌ಶೀಟು ನೆಂಟರಿಗೆ, ಒಳ್ಳೆಯ ಲೋಟ ಮ್ಯಾನೇಜರಿಗೆ, ಒಳ್ಳೆಯ ಲಿಪ್‌ಸ್ಟಿಕ್ ಫಂಕ್ಷನ್ನಿಗೆ. ಫಂಕ್ಷನ್ ದಿನ ಬಂದಾಗ ಗಡಿಬಿಡಿಯಲ್ಲಿ ಡಬ್ಬಿಯೇ ಸಿಗುವುದಿಲ್ಲ. ಅಕ್ಕನ ಲಿಪ್‌ಸ್ಟಿಕ್ ಇಸಿದುಕೊಂಡು ಕಾರಿನಲ್ಲಿ ಹಚ್ಚಿಕೊಳ್ಳುತ್ತೇವೆ. ಅಕ್ಕನದಾದರೂ ತಾಜಾ ಇರುತ್ತದೆಯೇ? ಅವಳೂ ನಮ್ಮ ಅಮ್ಮನ ಮಗಳೇ.

ಕಾನೂನು ತನ್ನ ಕೆಲಸ ಮಾಡಿದೆ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ ಇದೆ, 2020ರಲ್ಲಿ ಬಂದ ಕಾಂತಿವರ್ಧಕಗಳ ನಿಯಮಗಳಿವೆ. ಇಂಥ ತಿಂಗಳು, ಇಂಥ ವರ್ಷದೊಳಗೆ ಬಳಸಿ ಎಂದು ತಯಾರಕರು ನಮೂದಿಸಲೇಬೇಕು. ಅವರೂ ನಮೂದಿಸುತ್ತಾರೆ. ಹುಬ್ಬಿನ ಕೂದಲಿಗಿಂತ ಸಣ್ಣ ಅಕ್ಷರದಲ್ಲಿ, ಬೆಳ್ಳಿಯ ಮೇಲೆ ಬಿಳಿಯ ಬಣ್ಣದಲ್ಲಿ, ಬೆರಳು ತಾಗಿದರೆ ಅಳಿಯುವ ಶಾಯಿಯಲ್ಲಿ. ತುಟಿಗೆ ಹಚ್ಚುವ ಬಣ್ಣ ಊಟ ಮಾಡಿದರೂ ಹೋಗುವುದಿಲ್ಲ ಎಂದು ಜಾಹೀರಾತು ಕೊಡುವ ಕಂಪನಿಗಳ ಹತ್ತಿರ ತಾರೀಖು ಮುದ್ರಿಸಲು ಅಂಥ ಬಣ್ಣ ಇಲ್ಲದಿರುವುದು ವಿಜ್ಞಾನದ ದೊಡ್ಡ ಸೋಲು.

ಆ ತಾರೀಖೂ ಸೀಲು ಒಡೆಯದ ಡಬ್ಬಿಯದ್ದು. ಮುಚ್ಚಳ ತೆರೆದ ದಿನದಿಂದ ಎರಡನೆಯ ಗಡಿಯಾರ ಓಡಲು ಶುರುವಾಗುತ್ತದೆ. ಅದನ್ನು ತಿಳಿಸಲು ಯುರೋಪಿನವರು ಒಂದು ಚಿಹ್ನೆ ಮಾಡಿದ್ದಾರೆ. ಮುಚ್ಚಳ ತೆಗೆದಿಟ್ಟ ಪುಟ್ಟ ಭರಣಿಯ ಚಿತ್ರ, ಅದರೊಳಗೆ ‘6ಎಂ’, ‘12ಎಂ’ ಎಂಬ ಬರಹ. ತೆರೆದ ಮೇಲೆ ಅಷ್ಟು ತಿಂಗಳು ಎಂದರ್ಥ. 30 ತಿಂಗಳಿಗಿಂತ ಹೆಚ್ಚು ಬಾಳುವ ಸರಕಿಗೆ ಅಲ್ಲಿ ಎಕ್ಸ್‌ಪೈರಿ ತಾರೀಖು ಬೇಡ, ಈ ಭರಣಿ ಸಾಕು. ಅಮೆರಿಕದಲ್ಲಿ ಸಾದಾ ಮೇಕಪ್ಪಿಗೆ ತಾರೀಖು ಹಾಕಲೇಬೇಕೆಂಬ ಕಾನೂನೇ ಇಲ್ಲ. ಅಮೆರಿಕದಿಂದ ಸೂಟ್‌ಕೇಸಿನಲ್ಲಿ ಬಂದ ಕ್ರೀಮನ್ನು ನಾವು ಚಿರಂಜೀವಿ ಎಂದು ಪೂಜಿಸುವುದಕ್ಕೆ ಇದೂ ಒಂದು ಕಾರಣ ಇರಬೇಕು. ಒಮ್ಮೆ ಪೇಟೆಯ ಫ್ಯಾನ್ಸಿ ಸ್ಟೋರೊಂದರಲ್ಲಿ, ‘ಈ 12ಎಂ ಅಂದ್ರೆ ಏನಪ್ಪಾ?’ ಎಂದು ಕೇಳಿದ್ದೆ. ಹುಡುಗ ಕ್ಷಣವೂ ತಡಮಾಡಲಿಲ್ಲ.

‘ಮೀಡಿಯಂ ಸೈಜ್ ಆಂಟಿ. ಲಾರ್ಜ್ ಸ್ಟಾಕ್ ಇಲ್ಲ.’

ಸೌಂದರ್ಯಕ್ಕೆ ಅವಧಿಯನ್ನು ದಿನದ ಲೆಕ್ಕದಲ್ಲಿ ಖಚಿತವಾಗಿ ನಮೂದಿಸಿದ್ದನ್ನು ನಾನು ಕಂಡದ್ದು ಒಂದೇ ಕಡೆ. 2025ರಲ್ಲಿ ನಮ್ಮ ಸರ್ಕಾರ ಮೈಸೂರು ಸ್ಯಾಂಡಲ್ ಸೋಪಿಗೆ ತಮನ್ನಾ ಭಾಟಿಯಾ ಅವರನ್ನು ರಾಯಭಾರಿ ಮಾಡಿಕೊಂಡ ಆದೇಶದಲ್ಲಿ. 6.2 ಕೋಟಿ ರೂಪಾಯಿ, ಎರಡು ವರ್ಷ ಎರಡು ದಿನ. ಕನ್ನಡ ನಟಿ ಯಾಕಲ್ಲ ಎಂದು ನಾಡೆಲ್ಲ ಕೂಗಾಡಿತು. ಆ ಎರಡು ದಿನದಲ್ಲಿ ಯಾವ ಸೋಪು ಕರಗುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ನೈಲ್ ಪಾಲಿಶ್ ಬಗ್ಗೆ ಎರಡು ಒಳ್ಳೆಯ ಮಾತು ಹೇಳದಿದ್ದರೆ ಪಾಪ ತಟ್ಟೀತು. ಗಡಿ ದಾಟಿ ಕೇರಳದ ತೋಲ್ಪೆಟ್ಟಿಗೆ ಹೋದರೆ ಅದರ ಹೆಸರು ಕ್ಯೂಟೆಕ್ಸ್, ಯಾವ ಕಂಪನಿಯದ್ದಾದರೂ ಸರಿ. ಬಾಟಲಿಯೊಳಗಿನ ಮುಖ್ಯ ಸರಕು ನೈಟ್ರೋಸೆಲ್ಯುಲೋಸ್. ಹಿಂದೆ ಕಾರಿಗೆ ಹೊಡೆಯುತ್ತಿದ್ದ ಬಣ್ಣಕ್ಕೂ, ಹಳೆಯ ಸಿನಿಮಾ ರೀಲಿಗೂ, ಬಂದೂಕಿನ ತೋಟೆಯಲ್ಲಿರುವ ಹೊಗೆಯಿಲ್ಲದ ಮದ್ದಿಗೂ ಇದೇ ಮೂಲ. ಕೈಲ್ ಮುಹೂರ್ತದ ದಿನ ಕೋವಿಗೆ ಹೂ ಮುಡಿಸುವಾಗ ಪಕ್ಕದಲ್ಲಿ ನನ್ನ ಬಾಟಲಿಗೂ ಒಂದು ಎಸಳು ಇಡಬಹುದು, ದಾಯಾದಿಗಳೇ ತಾನೆ. ಈ ಸರಕನ್ನು ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್ ಎಂಬ ಬೇಗ ಆರುವ ದ್ರಾವಕಗಳಲ್ಲಿ ಕರಗಿಸಿರುತ್ತಾರೆ. ಮುಚ್ಚಳ ತೆರೆದಾಗಲೆಲ್ಲ ದ್ರಾವಕ ಹಾರುತ್ತದೆ, ಬಣ್ಣ ಗಟ್ಟಿಯಾಗುತ್ತದೆ, ಒಂದು ದಿನ ಕುಂಚ ಸಮಾಧಿಯಾಗುತ್ತದೆ. ಆ ದ್ರಾವಕದಲ್ಲಿ ಕ್ರಿಮಿಗಳು ಬಾಳುವುದು ಕಷ್ಟ. ಹಾಗಾಗಿ ಹಳೆಯ ನೈಲ್ ಪಾಲಿಶ್ ಎಳೆ ಎಳೆಯಾಗಿ ಅಂಟಿ ಮಾನ ಕಳೆಯುತ್ತದೆ, ರೋಗ ಹರಡುವುದು ಕಡಿಮೆ. ಗಟ್ಟಿಯಾಯಿತೆಂದು ರಿಮೂವರ್ ಸುರಿಯುವ ಚಾಳಿ ನಮ್ಮಲ್ಲಿದೆ. ಅದು ಬಣ್ಣವನ್ನೇ ಒಡೆದುಹಾಕುತ್ತದೆ. ಬೇಕಾದ್ದು ಅದಕ್ಕೆಂದೇ ಸಿಗುವ ಥಿನ್ನರು, ಎರಡು ಮೂರು ಹನಿ.

ಒಟ್ಟಿನಲ್ಲಿ ನೈಲ್ ಪಾಲಿಶ್ ಮರ್ಯಾದಸ್ಥ. ತನ್ನ ಕಾಲ ಮುಗಿಯಿತೆಂದರೆ ಬಾಗಿಲು ಹಾಕಿಕೊಂಡು ಬಿಡುತ್ತದೆ, ಇಕ್ಕಳ ತಂದರೂ ತೆರೆಯುವುದಿಲ್ಲ. ಮಸ್ಕಾರ ಹಾಗಲ್ಲ. ಅದರ ಕಡ್ಡಿ ದಿನಾ ಕಣ್ಣಿಂದ ಕೊಳವೆಗೆ, ಕೊಳವೆಯಿಂದ ಕಣ್ಣಿಗೆ ಓಡಾಡುತ್ತದೆ. ಒಳಗೆ ಕತ್ತಲೆ, ತೇವ, ಒಂದಿಷ್ಟು ಮೇಣ. ಕ್ರಿಮಿಗಳಿಗೆ ಇದಕ್ಕಿಂತ ಒಳ್ಳೆಯ ಹೋಂಸ್ಟೇ ಕೊಡಗಿನಲ್ಲೂ ಇಲ್ಲ. ಹೊರಗಿನಿಂದ ನೋಡಿದರೆ ನೆಟ್ಟಗೆ, ಕಪ್ಪಗೆ, ಹೊಸದರಂತೆಯೇ. ಡಾಕ್ಟರು ಬರೆದುಕೊಟ್ಟ ಕಣ್ಣಿನ ಹನಿಯನ್ನು ತೆರೆದು ಒಂದು ತಿಂಗಳಿಗೆ ಎಸೆಯುತ್ತೇವೆ. ಅದೇ ಕಣ್ಣಿಗೆ ಎಂಟು ವರ್ಷದ ಮಸಿಯನ್ನು ಒಣಗಿತೆಂದು ನೀರು ಹಾಕಿ ಕಲಸಿ ಹಚ್ಚುತ್ತೇವೆ.

ಉಗುರಿನ ಬಣ್ಣದ ಮಾತಿಗೆ ನಮ್ಮ ರಾಜ್ಯದ ಕೊಡುಗೆಯನ್ನು ಮರೆಯಬಾರದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಹುಟ್ಟಿದ್ದು ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ದೇಶದ ಎಡಗೈ ತೋರುಬೆರಳಿಗೆಲ್ಲ ಅದರದ್ದೇ ಶಾಯಿ. ಸಿಲ್ವರ್ ನೈಟ್ರೇಟು ಬೆಳಕಿಗೆ ಕಪ್ಪಾಗಿ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ, ಉಗುರು ಬೆಳೆದು ಕತ್ತರಿಸುವ ತನಕ ಬಿಡುವುದಿಲ್ಲ. ಅರವತ್ತು ಕೋಟಿಗೂ ಹೆಚ್ಚು ಜನರಿಗೆ ಒಂದೇ ಶೇಡು, ಗಂಡು ಹೆಣ್ಣೆಂಬ ಭೇದವಿಲ್ಲ, ಬಿಟ್ಟಿ. ಹಚ್ಚಿಸಿಕೊಂಡವರ ಉಗುರಿನಲ್ಲಿ ಅದು ವಾರಗಟ್ಟಲೆ ಇರುತ್ತದೆ. ಹಚ್ಚಿಸಿದವರು ಮತ ಎಣಿಕೆಯ ಸಂಜೆಗೇ ಮುಖ ತೊಳೆದುಕೊಂಡಿರುತ್ತಾರೆ.

ಇಷ್ಟೆಲ್ಲ ತಿಳಿದುಕೊಂಡ ಮೇಲೆ ನಾನೇನು ಮಾಡಿದೆ? ಎಸೆಯಲಿಲ್ಲ. ನಮ್ಮ ಮನೆಗಳಲ್ಲಿ ಎಸೆಯುವುದು ಎಂಬ ಕ್ರಿಯಾಪದವೇ ಇಲ್ಲ, ಕೊಡುವುದು ಎಂಬುದಿದೆ. ಮಗಳು ಬೇಡ ಅಂದದ್ದು ಅಮ್ಮನಿಗೆ, ಅಮ್ಮನಿಗೆ ಒಗ್ಗದ್ದು ಕೆಲಸದವರಿಗೆ, ಅವರೂ ಬೇಡ ಅಂದರೆ ಅವರಿಗೆ ಕೊಬ್ಬು. ವಾಸನೆ ಬಂದ ಕ್ರೀಮು, ರಬ್ಬರು ಹೋದ ಕುಕ್ಕರು, ಜಿಪ್ಪು ಕಿತ್ತ ಸ್ವೆಟರು, ಹಾಳೆಯ ತುದಿಯಲ್ಲಿ ತಾರೀಖು ಇದ್ದ ಭಾಗವನ್ನು ಕತ್ತರಿಸಿದ ಮಾತ್ರೆ, ಎಲ್ಲಕ್ಕೂ ಬಂಗಲೆಯಿಂದ ಕೆಲಸದವರ ಲೈನ್ ಮನೆಗೆ ಒಂದು ಇಳಿಜಾರು ಇದೆ. ಮಳೆನೀರು ಕೂಡ ಅಷ್ಟು ಸಲೀಸಾಗಿ ಇಳಿಯುವುದಿಲ್ಲ. ನಮ್ಮದು ಬಂಗಲೆಯೂ ಅಲ್ಲ, ನಾಲ್ಕು ಎಕರೆ ತೋಟ, ಎರಡು ಲೈನ್ ಮನೆ. ಇಳಿಜಾರಿಗೆ ಅಷ್ಟು ಎತ್ತರ ಸಾಕು.

ಮಳೆ ಸ್ವಲ್ಪ ಬಿಟ್ಟಾಗ ಅಲ್ಲಿಂದ ಒಂಬತ್ತನೇ ಕ್ಲಾಸಿನ ಹುಡುಗಿ ಮೊಬೈಲ್ ಚಾರ್ಜಿಗೆ ಇನ್ವರ್ಟರ್ ಉಂಟಾ ಎಂದು ಕೇಳಿಕೊಂಡು ಬಂದಳು. ಇನ್ವರ್ಟರೂ ಸತ್ತಿತ್ತು. ಬಂದವಳನ್ನು ಬರಿಗೈಲಿ ಕಳಿಸುವುದು ಹೇಗೆ? ಇದ್ದುದರಲ್ಲಿ ಚೆನ್ನಾಗಿ ಕಾಣುವ ಲಿಪ್‌ಸ್ಟಿಕ್ಕೊಂದನ್ನು ಸೆರಗಿನಲ್ಲಿ ಒರೆಸಿ, ‘ತಗೋ, ಬ್ರಾಂಡೆಡ್ದು, ಇನ್ನೂ ಚೆನ್ನಾಗಿದೆ’ ಎಂದು ಕೊಟ್ಟೆ. ಕೊಡುವಾಗ ನನ್ನ ಮುಖದ ಮೇಲೆ ಯಾವ ಫೌಂಡೇಶನ್ನೂ ತರಲಾರದ ಒಂದು ಕಾಂತಿ ಬಂದಿರಬೇಕು.

ಅವಳು ಖುಷಿಯಿಂದಲೇ ತೆಗೆದುಕೊಂಡಳು. ಮುಚ್ಚಳ ತೆಗೆದು ಬಣ್ಣ ನೋಡಿದಳು. ಆಮೇಲೆ ತಳ ಮೇಲೆ ಮಾಡಿ, ಬಾಗಿಲ ಬೆಳಕಿಗೆ ಹಿಡಿದು, ನನ್ನ ಕನ್ನಡಕಕ್ಕೂ ನಿಲುಕದಿದ್ದ ಅಕ್ಷರವನ್ನು ಬರಿಗಣ್ಣಲ್ಲಿ ಓದಿದಳು.

‘ಅಮ್ಮಾ, ಇದು ನಾನು ಮೂರನೇ ಕ್ಲಾಸಲ್ಲಿ ಇರುವಾಗಲೇ ಮುಗಿದಿದೆಯಲ್ಲ.’

ದೂರಲಿಲ್ಲ, ನಗಲಿಲ್ಲ. ಕ್ಯಾಲೆಂಡರು ಓದಿದ ಹಾಗೆ ಹೇಳಿ, ಲಿಪ್‌ಸ್ಟಿಕ್ಕನ್ನು ಜಗಲಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಕೊಡೆ ಬಿಚ್ಚಿಕೊಂಡು ಹೋದಳು.

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಬಾಯಿಗೆ ಬಂದದ್ದು ಗಾದೆ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ. ಚಿಕ್ಕಂದಿನಿಂದ ಈ ಗಾದೆಗೆ ನಕ್ಕವಳು ನಾನು. ಆ ದಿನ ಮೊದಲ ಸಲ ಅದನ್ನು ಯಾರು ಕಟ್ಟಿರಬಹುದು ಎಂದು ಯೋಚಿಸಿದೆ. ದಟ್ಟಿ ಉಟ್ಟವರಂತೂ ಅಲ್ಲ. ಕೊಟ್ಟವರೇ ಕಟ್ಟಿದ್ದು. ಪಡೆದವಳು ಮೊಳ ಹಾಕಿದ್ದನ್ನು ನಮಗೆ ನೂರಾರು ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ. ಅಳೆದಾಗ ಎಷ್ಟು ಮೊಳ ಬಂತು ಎಂಬುದನ್ನು ಮಾತ್ರ ಹೇಳಲಿಲ್ಲ. ಕಮ್ಮಿಯೇ ಬಂದಿರುತ್ತದೆ. ಇಲ್ಲದಿದ್ದರೆ ಗಾದೆಯ ಅಗತ್ಯವೇ ಇರಲಿಲ್ಲ.

ಅದಾಗಿ ನಾಲ್ಕೈದು ದಿನಕ್ಕೆ ಆಗಸ್ಟ್ 3 ಬಂತು, ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಆ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಕೂಡಿರುತ್ತದೆ ಎಂಬುದು ನಮ್ಮ ನಂಬಿಕೆ. ಅದರ ಶಾಸ್ತ್ರೀಯ ಹೆಸರಿನಲ್ಲೇ ಪಕ್ಕದ ವಯನಾಡು ಇದೆ, ಜಸ್ಟಿಸಿಯಾ ವೈನಾಡೆನ್ಸಿಸ್. ಬೆಳಿಗ್ಗೆಯೇ ಎಲ್ಲರೂ ತೋಟದ ಬದಿಯಲ್ಲಿ ಸೊಪ್ಪು ಕೊಯ್ದೆವು, ಬೇಯಿಸಿ ನೇರಳೆ ರಸ ಬಸಿದೆವು, ತೆಂಗಿನ ಹಾಲು ಬೆಲ್ಲ ಹಾಕಿ ಪಾಯಸ ಮಾಡಿದೆವು. ಮಾರನೇ ದಿನ ಬಚ್ಚಲಿಗೆ ಹೋದವರಿಗೆಲ್ಲ ಕೆಂಪು ಬಣ್ಣದ ರಸೀದಿಯೂ ಸಿಕ್ಕಿತು. ಗಿಡದ ಮೇಲೆ ಯಾರೂ ಲೇಬಲ್ ಅಂಟಿಸಿಲ್ಲ. ಆದರೂ ಇಡೀ ಕೊಡಗಿಗೆ ಅದರ ತಾರೀಖು ಬಾಯಿಪಾಠ. ಹತ್ತೊಂಬತ್ತನೆಯ ದಿನ ಕೊಯ್ದು ಲೈನ್ ಮನೆಗೆ ‘ಇನ್ನೂ ಚೆನ್ನಾಗಿದೆ, ತಗೊಳ್ಳಿ’ ಎಂದು ಕಳಿಸಿದವರನ್ನು ನಾನು ಕಂಡಿಲ್ಲ. ಅಲ್ಲಿಯವರೂ ಅದೇ ದಿನ ಅದೇ ಬೇಲಿಯಿಂದ ಕೊಯ್ದಿರುತ್ತಾರೆ.

ತಾರೀಖು ಪಾಲಿಸಲು ಬಾರದ ಜನ ನಾವಲ್ಲ. ಯಾರ ಮೈಗೆ ಹೋಗುತ್ತದೆ ಎಂಬುದನ್ನು ನೋಡಿಕೊಂಡು ಪಾಲಿಸುತ್ತೇವೆ, ಅಷ್ಟೆ.

ಹಾಗಾಗಿ ಓದುವ ಅಕ್ಕತಂಗಿಯರಲ್ಲಿ, ಆಫ್ಟರ್‌ಶೇವ್ ಬಚ್ಚಿಟ್ಟ ಅಣ್ಣಂದಿರಲ್ಲಿ ಒಂದು ವಿನಂತಿ. ಮಳೆ ಬಿಡುವ ಮುಂಚೆ ನಿಮ್ಮ ಡಬ್ಬಿಯನ್ನೂ ಬಿಚ್ಚಿ. ಹೊಸದು ತೆರೆದ ದಿನವನ್ನು ಪೆನ್ನಿನಲ್ಲಿ ಡಬ್ಬಿಯ ಮೇಲೆಯೇ ಬರೆಯಿರಿ. ಕಣ್ಣಿಗೆ ಹಚ್ಚುವುದನ್ನು ಮೂರು ತಿಂಗಳಿಗೆ ಎಸೆಯಿರಿ. ಕಮಟು ಬಂದ ಲಿಪ್‌ಸ್ಟಿಕ್ಕು, ಬೂಷ್ಟು ಹಿಡಿದ ಪೌಡರು ಕಸಕ್ಕೆ ಸೇರಲಿ. ನೈಲ್ ಪಾಲಿಶ್ ಬಾಟಲಿಯನ್ನು ಒಲೆಗೆ ಮಾತ್ರ ಹಾಕಬೇಡಿ, ಕೋವಿಯ ದಾಯಾದಿ ಎಂಬುದನ್ನು ಅದು ನೆನಪಿಸೀತು. ಕೊಡಲೇಬೇಕೆಂಬ ಧರ್ಮ ಉಕ್ಕಿ ಬಂದರೆ ಸೀಲು ಒಡೆಯದ್ದನ್ನು ಕೊಡಿ. ನಿಮ್ಮ ಮಗಳ ತುಟಿಗೆ ಆಗದ್ದು ಬೇರೆಯವರ ಮಗಳ ತುಟಿಗೂ ಆಗುವುದಿಲ್ಲ.

ಆ ಲಿಪ್‌ಸ್ಟಿಕ್ ಜಗಲಿಯ ಮೇಲೆ ಎರಡು ದಿನ ನಿಂತಿತ್ತು. ಮೂರನೆಯ ದಿನ ನಾನೇ ಎಸೆದೆ.